ಕಾಕು ಆಡಿದ ಒಂದು ಮಾತು

ಮೊನ್ನೆ ಮಿಕ್ಸಿ ಸುಟ್ಟುಹೋಯಿತು. ಹೈದರಾಬಾದಿನ ಮಣಿಕೊಂಡದ ನಮ್ಮ ಗಲ್ಲಿಯ ರಿಪೇರಿ ಅಂಗಡಿಗೆ ಹಿಡಿದುಕೊಂಡು ಹೋದರೆ ಒಳಗಿನಿಂದ ವಾರ್ನಿಷ್ ವಾಸನೆ ಬಂತು. ಮೋಟರಿಗೆ ತಾಮ್ರದ ತಂತಿ ಸುತ್ತಿ, ವಾರ್ನಿಷ್‌ನಲ್ಲಿ ಅದ್ದಿ ಒಣಗಿಸುವಾಗಿನ ವಾಸನೆ. ಉಳಿದವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ನಿಂತು ಎದೆ ತುಂಬ ಎಳೆದುಕೊಂಡೆ. ಸನತ್‌ನಗರದ ಕಾಕು ಕಣ್ಣೆದುರು ಬಂದುಬಿಟ್ಟರು…

ಕಾಕು ಅಂದರೆ ಸ್ವಂತ ಚಿಕ್ಕಮ್ಮ ಏನಲ್ಲ, ಪಕ್ಕದ ಮನೆಯವರು. ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಸೊಸೆಯಾಗಿ ಬಂದು, ಗಂಡ ತೀರಿಕೊಂಡ ಮೇಲೆ ಮೋಟರ್ ಕಾರ್ಖಾನೆ ಸೇರಿದವರು. ಆಮೇಲೆ ಅವ್ವನನ್ನೂ ನನ್ನನ್ನೂ ಅಲ್ಲಿಗೆ ಸೇರಿಸಿದವರೂ ಅವರೇ. ನಾವೆಲ್ಲ ಸರಕಾರದ ಒಂದು ಯೋಜನೆಯಡಿ ಸೇರಿದ್ದೆವು. ಕೆಲಸ ಕಲಿಯುವ ಹೆಂಗಸರ ಪಗಾರದಲ್ಲಿ ಒಂದು ಪಾಲು ಸರಕಾರ ಕೊಡುತ್ತಿತ್ತು. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಕಲಿಯುತ್ತಿರುವ ತನಕ ಮಾತ್ರ ಸರಕಾರದ ದುಡ್ಡು ಎಂದಾದರೆ, ಯಾವ ಮಾಲಕ ತಾನೇ ಕಲಿತದ್ದು ಮುಗಿಯಿತು ಅನ್ನುತ್ತಾನೆ? ಕಾಕುವಿನ ತಲೆ ಬೆಳ್ಳಗಾಯಿತು, ಅವರ ಕೈಯಲ್ಲಿ ಕಲಿತ ಗಂಡಸರು ಸೂಪರ್‌ವೈಸರ್ ಆದರು, ಕಾಕುವಿನ ಬಿಲ್ಲೆಯ ಮೇಲೆ ಮಾತ್ರ ‘ಟ್ರೇನಿ’ ಎಂದೇ ಇತ್ತು. ರಜೆಯಿಲ್ಲ, ಪಿಎಫ್ ಇಲ್ಲ, ನಾಳೆಯಿಂದ ಬರಬೇಡ ಅಂದರೆ ಕೇಳುವವರೂ ಇಲ್ಲ.

“ನಾ ಟ್ರೇನಿ ಅಲ್ಲವ್ವಾ, ಟ್ರೇನು,” ಅನ್ನುತ್ತಿದ್ದರು ಕಾಕು. “ಓಡಾಕತ್ತೀನಿ, ಓಡಾಕತ್ತೀನಿ… ಸ್ಟೇಶನ್ನ ಬರವಲ್ದು.”

ಆ ಯೋಜನೆಯನ್ನೇ ರದ್ದು ಮಾಡುವ ಮಸೂದೆ ಶಾಸನಸಭೆಗೆ ಬರುತ್ತದೆಂದು ಸುದ್ದಿಯಾದಾಗ ಕಾರ್ಖಾನೆಯೇ ನಡುಗಿತು. ಹಳಬರನ್ನು ಪರ್ಮನೆಂಟ್ ಮಾಡಿಕೊಳ್ಳಬೇಕೆಂಬ ಮಾತೂ ಅದರಲ್ಲಿತ್ತು. ನಂಬುವವರು ಯಾರು? ಒಳಗೊಳಗೇ ಆಸೆಯಿದ್ದವರೂ ಮಾಲಕರೆದುರು ತುಟಿ ಬಿಚ್ಚಲಿಲ್ಲ. ಕಾಕು ಒಬ್ಬರೇ, ರದ್ದಾಗಲಿ ಎಂದು ಡಂಗುರ ಸಾರುತ್ತ ತಿರುಗಿದರು. ಅವ್ವನಿಗೆ ಮೈಯೆಲ್ಲ ಉರಿ. ಅಪ್ಪನ ಕೆಲಸ ಹೋಗಿ, ನಮ್ಮಿಬ್ಬರ ಪಗಾರದಲ್ಲೇ ಒಲೆ ಉರಿಯುತ್ತಿದ್ದ ಕಾಲವದು. “ಇದ್ದ ಅನ್ನಕ್ಕ ಕಲ್ಲ ಹಾಕಾಕತ್ತಾಳ, ಹಾಳಾದಾಕಿ!” ಎಂದು ಕಾಕುವಿನ ಜೊತೆ ಮಾತೇ ಬಿಟ್ಟಳು. ನನಗೂ ಹೆದರಿಕೆಯಿತ್ತು, ಸುಳ್ಳೇಕೆ ಹೇಳಲಿ.

ಮಸೂದೆಯ ಬಗ್ಗೆ ವಿಚಾರಿಸಲು ಶಾಸಕರ ಸಮಿತಿಯೊಂದು ನಮ್ಮ ಕಾರ್ಖಾನೆಗೇ ಬಂತು. ಯೋಜನೆ ಉಳಿಯಲೆಂದು ಮಾಲಕರು ಗೋಗರೆದರು. ಬಡ ಹೆಣ್ಣುಮಕ್ಕಳ ಮೇಲೆ ಅವರಿಗೆ ಅಷ್ಟೊಂದು ಮರುಕವಿದೆಯೆಂದು ನಮಗೆ ಗೊತ್ತಾದದ್ದು ಅವತ್ತೇ. ಕೆಲಸಗಾರರು ಯಾರಾದರೂ ಮಾತಾಡುತ್ತೀರಾ ಎಂದು ಸಮಿತಿಯವರು ತೆಲುಗಿನಲ್ಲಿ ಕೇಳಿದರು. ಕಾಕು ಎದ್ದರು. ಭಾಷಣ ಗೀಷಣ ಏನಿಲ್ಲ. ಬಿಲ್ಲೆಯನ್ನು ಬೆರಳಿನಿಂದ ತಟ್ಟಿ, ಇಡೀ ಶೆಡ್ಡಿಗೆ ಕೇಳುವಂತೆ ಅಂದರು: “ಸ್ಕೀಮು ಚಾಲು!”

ತೆಲುಗಿನಲ್ಲಿ ಚಾಲು ಅಂದರೆ ಸಾಕು. ನಮ್ಮ ಕನ್ನಡದಲ್ಲಿ ಚಾಲು ಅಂದರೆ ನಡೆಯುತ್ತಿರುವುದು. ಅವ್ವನಿಗೋ, ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ. ತೆಲುಗು ತಲೆಗೆ ಹತ್ತಿದ್ದೇ ಇಲ್ಲ. ಯೋಜನೆ ಚಾಲು ಇರಲಿ ಎಂದು ಕೇಳುತ್ತಿದ್ದಾಳೆ, ಅಂತೂ ಇವಳಿಗೆ ಬುದ್ಧಿ ಬಂತು ಅಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದಳು! ಅವಳ ಸಾಲಿನ ನಮ್ಮ ಕಡೆಯ ಹೆಂಗಸರೆಲ್ಲ ತಟ್ಟಿದರು. ಕನ್ನಡದವರಿಗೇ ಇಷ್ಟು ಧೈರ್ಯವಿದ್ದರೆ ನಮಗೇನು ಧಾಡಿ ಎಂದು ತೆಲುಗಿನ ಹೆಂಗಸರೂ ತಟ್ಟಿದರು. ಮಾಲಕರ ಮುಖ ಹುಳಿ ತಿಂದಂತಾಯಿತು. ಸಮಿತಿಯವರು ತಲೆಯಾಡಿಸಿ ಬರೆದುಕೊಂಡರು.

ದಾರಿಯಲ್ಲಿ ನಾನು ಅರ್ಥ ಬಿಡಿಸಿ ಹೇಳಿದಾಗ ಅವ್ವ “ಅಯ್ಯ ಶಿವನ!” ಎಂದು ಫುಟ್‌ಪಾತಿನ ಮೇಲೇ ಕುಳಿತಳು. ಬೇಕೆಂದೇ ಹಾಗೆ ಅಂದಿರಾ ಎಂದು ಹಿಂದೆ ಬರುತ್ತಿದ್ದ ಕಾಕುವನ್ನು ಕೇಳಿದೆ.

“ನಾ ಆಡಿದ್ದು ಒಂದ ಮಾತು. ಅವರವರಿಗೆ ಬೇಕಾದ್ದು ಅವರವರು ಕೇಳಿಸ್ಕೊಂಡ್ರು. ನಂದೇನ ತಪ್ಪ ಐತಿ?”

ಮಸೂದೆ ಪಾಸಾಯಿತು. ಯೋಜನೆ ಹೋಯಿತು, ಹಳಬರನ್ನು ಪರ್ಮನೆಂಟ್ ಮಾಡಬೇಕೆಂಬ ಮಾತು ಕಾಯ್ದೆಯಲ್ಲಿ ಹಾಗೇ ಉಳಿಯಿತು. ಕಾಕು, ಅವ್ವ, ನಾನು ಎಲ್ಲರೂ ಪರ್ಮನೆಂಟ್! ಅವ್ವ ಹೋಳಿಗೆ ಮಾಡಿ ಕಾಕುವಿನ ಬಾಗಿಲಿಗೆ ತಾನೇ ಒಯ್ದು, “ಭಾಳ ಚಾಲಾಕಿ ಅದೀರಿ ನೀವು,” ಎಂದು ಮಾತು ಶುರುಮಾಡಿದಳು. ಮರುವಾರವೇ ಕಾಕು ರಜೆ ಹಾಕಿದರು. ಜ್ವರವಿಲ್ಲ, ಹಬ್ಬವಿಲ್ಲ. ನಾವೆಲ್ಲ ಶಿಫ್ಟಿಗೆ ಓಡುತ್ತಿದ್ದರೆ ಕಟ್ಟೆಯ ಮೇಲೆ ಕುಳಿತು ಚಹಾ ಹೀರುತ್ತ, “ಹೋಗಿ ಬರ್ರಿ, ನನ್ನ ಪಗಾರ ಕುಂತಲ್ಲೇ ಬರ್ತೈತಿ,” ಎಂದು ಕೈಬೀಸಿದರು. ಅಷ್ಟು ಸುಖದ ಮುಖವನ್ನು ನಾನು ಮತ್ತೆ ನೋಡಿಲ್ಲ…

ಈ ಬೇಸಿಗೆಯಲ್ಲಿ ಕಾಕು ತೀರಿಕೊಂಡರು. ಇಲ್ಲಿಂದ ಸನತ್‌ನಗರಕ್ಕೆ ಹೋದಾಗಲೆಲ್ಲ ಅವರ ಮುಚ್ಚಿದ ಬಾಗಿಲಿನೆದುರು ಆ ಕಟ್ಟೆಯ ಮೇಲೆ ಒಂದು ಗಳಿಗೆ ಕುಳಿತೇ ಮುಂದೆ ಹೋಗುತ್ತೇನೆ. ಕಾರ್ಖಾನೆಯ ಹೆಂಗಸರು ಗಲ್ಲಿಯ ತುದಿಯಲ್ಲಿ ಅವರ ಫೋಟೊ ಇರುವ ದೊಡ್ಡ ಫ್ಲೆಕ್ಸ್ ಕಟ್ಟಿದ್ದಾರೆ. ಹೆಸರಿನ ಕೆಳಗೆ ತೆಲುಗಿನ ದಪ್ಪ ಅಕ್ಷರಗಳಲ್ಲಿ ‘ಪರ್ಮನೆಂಟ್ ವರ್ಕರ್’ ಎಂದು ಬರೆಸಿದ್ದಾರೆ. ಓದಿ ನಗು ಬಂತು, ನಗುವಿನ ಬೆನ್ನಿಗೇ ಅಳು. ಕಳೆದ ವಾರ ಮುನ್ಸಿಪಾಲಿಟಿಯವರು ಅದನ್ನು ಬಿಚ್ಚಲು ಏಣಿ ತಂದರಂತೆ. ಅವ್ವ ಹೋಗಿ ಏಣಿಯ ಬುಡ ಹಿಡಿದು, ಅವರಿಗೆ ತಿಳಿಯುತ್ತದೋ ಬಿಡುತ್ತದೋ, ಕನ್ನಡದಲ್ಲೇ ಗದರಿದಳಂತೆ:

“ಆಕಿ ಪರ್ಮನೆಂಟ್ ಅದಾಳ. ತಗ್ಯಾಕ ಬರೂದಿಲ್ಲ ನಿಮಗ!”