ಹಾನಾ ಅಜ್ಜಿಯ ಚಿಕ್ಕಮ್ಮನ ಹಾಡು

ಈ ಸಲವೂ ಪರ್ಸಿಮನ್ ಹಣ್ಣಿನ ಸಿಪ್ಪೆ ಸುಲಿದು, ದಾರಕ್ಕೆ ಕಟ್ಟಿ, ಅಡುಗೆಮನೆಯ ಕಿಟಕಿಗೆ ನೇತುಹಾಕಿದ್ದೇನೆ. ಸ್ವಲ್ಪ ಬಾಡಿದ ಮೇಲೆ ದಿನವೂ ಒಂದೊಂದನ್ನೂ ಬೆರಳಲ್ಲಿ ಮೆತ್ತಗೆ ಒತ್ತಬೇಕು; ಆಗಲೇ ಒಳಗಿನ ಸಕ್ಕರೆ ಬಿಳಿ ಹಿಟ್ಟಿನಂತೆ ಹೊರಗೆ ಮೂಡುವುದು. ಮಂಡ್ಯದವಳಿಗೆ ಇದೆಲ್ಲ ಹೇಗೆ ಗೊತ್ತು ಎನ್ನುತ್ತೀರಾ? ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನ ನಮ್ಮ ಟೌನ್‌ಹೌಸಿನ ಪಕ್ಕದ ಮನೆಯಲ್ಲಿದ್ದ ಜಪಾನಿ ಮೂಲದ ಹಾನಾ ಅಜ್ಜಿ ಕಲಿಸಿದ್ದು.

ಹಣ್ಣು ಒತ್ತುವಾಗ ಅಜ್ಜಿ ತಮ್ಮ ಚಿಕ್ಕಮ್ಮನ ಹಾಡೊಂದನ್ನು ಗುನುಗುತ್ತಿದ್ದರು. ಗ್ರಾಮಫೋನು ಇನ್ನೂ ಹೊಸದಾಗಿದ್ದ ಕಾಲದಲ್ಲಿ ಆ ಚಿಕ್ಕಮ್ಮ ಜಪಾನಿನಲ್ಲಿ ಮನೆಮಾತಾಗಿದ್ದ ಗಾಯಕಿ. ಮೀನುಗಾರರ ಮಗಳು, ಟೋಕಿಯೋಗೆ ಹೋಗಿ ಹಾಡಿದ್ದೇ ತಡ, ಬಂದರಿನ ಕೂಲಿಯಿಂದ ದೊಡ್ಡ ಮನೆಯ ಸೊಸೆಯವರೆಗೆ ಎಲ್ಲರ ಬಾಯಲ್ಲೂ ಅವಳದೇ ಹಾಡು. ಪ್ರತಿ ಹೊಸ ರೆಕಾರ್ಡನ್ನೂ ಕ್ಯಾಲಿಫೋರ್ನಿಯಾದಲ್ಲಿದ್ದ ಅಕ್ಕನಿಗೆ, ಅಂದರೆ ಹಾನಾ ಅಜ್ಜಿಯ ತಾಯಿಗೆ, ಹಡಗಿನಲ್ಲಿ ಕಳಿಸುತ್ತಿದ್ದಳಂತೆ. ಜಪಾನಿಗೂ ಅಮೆರಿಕಕ್ಕೂ ಯುದ್ಧ ಬಂತು. ಆಗ ಅಜ್ಜಿ ಇನ್ನೂ ಪುಟ್ಟ ಹುಡುಗಿ. ಜಪಾನಿನ ಸಾಮಾನು ಸಿಕ್ಕರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆಂಬ ಭಯಕ್ಕೆ ಅವರ ತಂದೆ ಅಷ್ಟೂ ರೆಕಾರ್ಡುಗಳನ್ನು ಸುತ್ತಿಗೆಯಿಂದ ಒಡೆದು ಹಿತ್ತಿಲಲ್ಲಿ ಹೂತರು. ಆದರೂ ಸರ್ಕಾರದವರು ಅಲ್ಲಿನ ಜಪಾನಿ ಮೂಲದವರೆಲ್ಲರನ್ನೂ ಮುಳ್ಳುತಂತಿಯ ಶಿಬಿರಕ್ಕೆ ಸಾಗಿಸಿದರು. ಅತ್ತ ಜಪಾನಿನಲ್ಲಿ ಸೈನಿಕರ ಮುಂದೆ ಹಾಡಿ ಹಾಡಿ ಚಿಕ್ಕಮ್ಮನ ಗಂಟಲು ಹೋಯಿತು. ಆಮೇಲೆ ಸಣ್ಣದೊಂದು ನೂಡಲ್ಸ್ ಅಂಗಡಿ ಇಟ್ಟಳು; ಗಿರಾಕಿಗಳಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲವಂತೆ. ಅಕ್ಕತಂಗಿಯರು ಮತ್ತೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಾಯುವುದರೊಳಗೆ ಒಮ್ಮೆ ಚಿಕ್ಕಮ್ಮನ ದನಿ ಕೇಳಬೇಕು ಎಂಬುದೊಂದೇ ಅಜ್ಜಿಯ ಆಸೆಯಾಗಿತ್ತು.

ನನಗೋ ಆ ಹಾಡು ಥೇಟ್ ಮೋಹನ ರಾಗ. ಸಂಗೀತದ ಮೇಷ್ಟ್ರು ಗೀತೆಯ ಹಂತದಲ್ಲೇ ಕೈಚೆಲ್ಲಿದ ವಿದ್ಯಾರ್ಥಿನಿ ನಾನು. ಆದರೂ ಹುಟ್ಟುಗುಣ ಸುಟ್ಟರೂ ಹೋಗದಲ್ಲ, ಜೊತೆಗೆ ಗುನುಗುವಾಗ ಕೊನೆಯ ಸಾಲಿನಲ್ಲಿ ಒಂದು ಗಮಕ ಸೇರಿಸಿಬಿಡುತ್ತಿದ್ದೆ. ಅಜ್ಜಿ ತಕ್ಷಣ ನನ್ನ ಕೈ ಹಿಡಿದು ತಡೆಯುತ್ತಿದ್ದರು. ಅಲುಗಿಸಬೇಡ, ಚಿಕ್ಕಮ್ಮ ಅಲ್ಲಿ ನೇರವಾಗಿ ನಿಲ್ಲುತ್ತಿದ್ದಳು ಎನ್ನುತ್ತಿದ್ದರು. ಪಕ್ಕದಲ್ಲಿ ಹೋಂವರ್ಕು ಮಾಡುತ್ತಿದ್ದ ನನ್ನ ಮಗಳಿಗೆ ನಗು.

ಹೋದ ವರ್ಷ ಅಜ್ಜಿಯ ಮಗ ಎಲ್ಲೆಲ್ಲೋ ಹುಡುಕಿ ಆ ಹಾಡಿನ ಹಳೆಯ ರೆಕಾರ್ಡೊಂದನ್ನು ತರಿಸಿದರು. ನಮ್ಮನ್ನೂ ಕರೆದರು. ಗರಗರ ಸದ್ದಿನೊಳಗಿಂದ ಎಳೆಯ ದನಿಯೊಂದು ಎದ್ದು ಬಂತು. ಕೊನೆಯ ಸಾಲಿನಲ್ಲಿ ಆ ದನಿ ಅಲುಗಿತು. ನನ್ನ ಹಾಗೆಯೇ, ನನಗಿಂತ ನೂರುಪಾಲು ಚೆನ್ನಾಗಿ. ಒಳಗೊಳಗೇ ಬೀಗುತ್ತಾ ಅಜ್ಜಿಯ ಮುಖ ನೋಡಿದೆ. ಅವರು ಅಳುತ್ತಿದ್ದರು.

"ಇದು ನನಗೆ ಗೊತ್ತಿರೋ ದನಿ ಅಲ್ಲ," ಅಂದರು. "ನಾನು ಕೇಳಿದ್ದೆಲ್ಲ ಅಮ್ಮನ ದನಿ. ಶಿಬಿರದಲ್ಲಿ ಹಲಗೆ ಗೋಡೆ, ಆಚೆ ಇನ್ನೊಬ್ಬರ ಸಂಸಾರ. ಯಾರಿಗೂ ಕೇಳಬಾರದು ಅಂತ ಅಮ್ಮ ತುಟಿ ಮುಚ್ಚಿಕೊಂಡು ಹಾಡ್ತಿದ್ದಳು. ಅಲುಗಿಸಿದ್ರೆ ಅಳು ಬಂದುಬಿಡ್ತಿತ್ತೇನೋ."

ಆ ರೆಕಾರ್ಡನ್ನು ಅವರು ಮತ್ತೆ ಹಾಕಿಸಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ಹೋಗಿಬಿಟ್ಟರು.

ಇವತ್ತು ಹಣ್ಣು ಒತ್ತುತ್ತಾ ನನಗರಿವಿಲ್ಲದೆಯೇ ಗುನುಗುತ್ತಿದ್ದೆ. ಕೊನೆಯ ಸಾಲು ಬಂತು. ರೆಕಾರ್ಡೇ ಸಾಕ್ಷಿ ಇದೆಯಲ್ಲ ಎಂಬ ಧೈರ್ಯದಿಂದ ಗಮಕ ಹಾಕಿದೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷ್ ಬೆರೆಸಿಯೇ ಉತ್ತರಿಸುವ ಮಗಳು ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು.

"ನೋ ಅಮ್ಮಾ, ಅಲ್ಲಿ ಶೇಕ್ ಮಾಡ್ಬಾರ್ದು."

ಆಮೇಲೆ ತುಟಿ ಮುಚ್ಚಿಕೊಂಡು ತಾನೇ ಆ ಸಾಲನ್ನು ಗುನುಗಿ ತೋರಿಸಿದಳು, ಗೋಡೆಯಾಚೆ ಕೇಳಿಸದಷ್ಟು ಮೆಲ್ಲಗೆ, ಸ್ವಲ್ಪವೂ ಅಲುಗದೆ. ನನಗೆ ಅಳು ಬಂತು.