ಅರ್ಜಿಯ ಕೊನೆಯ ಮಾತು

ನಿಜಾಮರ ಕಾಲದಲ್ಲಿ ಸ್ವಂತ ಶಾಲೆ ನಡೆಸಲಿಕ್ಕೂ ಪರವಾನಗಿ ಬೇಕಿತ್ತು. ಕಮಲಾಪುರದ ನಮ್ಮ ಪಡಸಾಲೆಯಲ್ಲಿ ನಾನು ನಡೆಸುತ್ತಿದ್ದ ಕನ್ನಡ ಶಾಲೆ ಮುಚ್ಚಬೇಕೆಂದು ನೋಟೀಸು ಬಂತು. ಅರ್ಜಿ ಕೊಡಲು ಕಲಬುರ್ಗಿಗೆ ಹೊರಟರೆ ಗೆಳೆಯ ಬಸಣ್ಣ ರೇಗಿದ.

“ಸ್ವಾತಂತ್ರ್ಯ ಅಂತ ಭಾಷಣ ಮಾಡಾಂವ, ಸರ್ಕಾರದ ಬಾಗಲಾ ಬಡೀತಿ ಏನು?”

“ಬಾಗಲಾ ಬಡೀತೀನಿ, ಆದ್ರ ಬಗ್ಗಂಗಿಲ್ಲ” ಅಂದೆ.

ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತಿದ್ದ ಮುನ್ಷಿ ಉರ್ದುವಿನಲ್ಲಿ ಅರ್ಜಿ ಬರೆದು, ಓದಿ ತೋರಿಸಿದ. ಕೊನೆಗೆ ನನ್ನ ಹೆಸರಿನ ಮೇಲೆ ‘ಫಿದ್ವಿ’ ಅಂತಿತ್ತು.

“ಹಂಗಂದ್ರೇನ್ರಿ?”

“ಹುಜೂರರಿಗೆ ಪ್ರಾಣ ಕೊಡೋ ಸೇವಕ ಅಂತ್ರಿ. ಎಲ್ಲಾರೂ ಹಾಕ್ತಾರ.”

“ನನಗ ಪರವಾನಗಿ ಬೇಕಾಗ್ಯದ, ಪ್ರಾಣ ಕೊಡಂಗಿಲ್ಲ. ತಗೀರಿ ಅದನ್ನ.”

“ಮಾಸ್ತರ್ರ, ಅದಿಲ್ಲದ ಅರ್ಜಿ ನಾ ಈ ಜನ್ಮದಾಗ ಬರದಿಲ್ಲ!” ಅಂದವನು ಹಣೆ ಒರೆಸಿಕೊಳ್ಳುತ್ತ ಬೇರೆ ಹಾಳೆಯಲ್ಲಿ ಬರೆದುಕೊಟ್ಟ.

ಒಳಗೆ ಸಾಹೇಬರು ಅರ್ಜಿಯ ಕೆಳಭಾಗ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಎದ್ದೇ ನಿಂತರು. “ಕುರ್ಚಿ ತರ್ರಿ! ಚಹಾ ತರ್ರಿ!” ಎಂದು ಕೂಗಿ, “ತಾವು ಯಾವ ಜಾಗೀರದಾರರ ಮನಿತನದವ್ರು?” ಎಂದು ಕೇಳಿದರು. ಆ ಮಾತು ಬರೆಯದೆ ಅರ್ಜಿ ಕೊಡುವವ ಭಾರಿ ದೊಡ್ಡವನೇ ಇರಬೇಕು ಎಂಬುದು ಅವರ ಲೆಕ್ಕ.

“ನಾ ಕಮಲಾಪುರದಾಂವ್ರಿ” ಅಂದೆ. ಅಲ್ಲಿನ ಜಾಗೀರದಾರನೇ ಎಂದು ತಿಳಿದವರಂತೆ ಅವರು ತಲೆಯಾಡಿಸಿ ಮೊಹರು ಒತ್ತಿದರು.

ಶಾಲೆ ಉಳಿಯಿತು. ಬಗ್ಗದೆ ಪರವಾನಗಿ ತಂದೆನೆಂದು ಬಸಣ್ಣನ ಮುಂದೆ ಎದೆಯುಬ್ಬಿಸಿ ಹೇಳಿದೆ, ಅದು ನಿಜವೂ ಹೌದು. ಅರ್ಜಿಯಲ್ಲಿ ಬಗ್ಗದ ನನ್ನ ತತ್ವ ಆ ಕುರ್ಚಿಯಲ್ಲಿ ಹಾಯಾಗಿ ಒರಗಿ ಎರಡನೆಯ ಚಹಾ ಕುಡಿದದ್ದನ್ನು ಮಾತ್ರ ಇನ್ನೂ ಹೇಳಿಲ್ಲ.