ಸಂಜೆ ಆರೂವರೆಯ ದೂರು

ಮೂರು ವರ್ಷಗಳ ಹಿಂದೆ ನಾನು ಮುಂಬಯಿಯ ಪಶ್ಚಿಮ ಉಪನಗರಗಳಿಗೆ ಬ್ರಾಡ್‌ಬ್ಯಾಂಡ್ ಒದಗಿಸುವ ಕಂಪನಿಯೊಂದರಲ್ಲಿ ಸೀನಿಯರ್ ಫೀಲ್ಡ್ ಎಂಜಿನಿಯರ್ ಆಗಿದ್ದೆ. ಬೇರೆಯವರಿಂದ ಬಗೆಹರಿಯದ ದೂರುಗಳು ನನ್ನ ಬಳಿ ಬರುತ್ತಿದ್ದವು. ಕಾಂದಿವಲಿಯ ವಸಂತಿಯವರ ದೂರು ಅಂಥದ್ದು: ಪ್ರತಿದಿನ ಸಂಜೆ ಆರೂವರೆಗೆ ವಿಡಿಯೊ ಕಾಲ್ ನಿಂತುಹೋಗುತ್ತದೆ.

ವಸಂತಿಯವರು ಉಡುಪಿ ಕಡೆಯವರು, ಅರವತ್ತು ದಾಟಿದವರು. ಮೊಣಕಾಲಿನ ಆಪರೇಷನ್ ಆಗಿ ವಾಕರ್ ಹಿಡಿದು ನಡೆಯುತ್ತಿದ್ದರು. ಅದೇ ವೇಳೆಗೆ ಊರಿನಲ್ಲಿ ಅವರ ಅಣ್ಣ ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದರು. ಅಲ್ಲಿ ರೋಗಿಯನ್ನು ನೋಡಲು ಬಿಡುತ್ತಿದ್ದುದು ಸಂಜೆ ಆರೂವರೆಯಿಂದ ಏಳರವರೆಗೆ ಮಾತ್ರ. ಆಗ ಅಣ್ಣನ ಮಗ ಫೋನ್ ಹಿಡಿದು ಒಳಗೆ ಹೋಗುತ್ತಿದ್ದ. ವಸಂತಿಯವರದು ನೆಲಮಹಡಿಯ ಫ್ಲ್ಯಾಟ್. ಮೊಬೈಲ್ ಸಿಗ್ನಲ್ ಸಿಗುತ್ತಿರಲಿಲ್ಲ. ಎಲ್ಲವೂ ವೈಫೈ ಮೇಲೆ ನಿಂತಿತ್ತು.

ನಮ್ಮಲ್ಲಿ ಸಂಜೆ ಐದರ ನಂತರ ಫೀಲ್ಡ್ ಕೆಲಸವಿರಲಿಲ್ಲ. ಸೋಮವಾರ ಬೆಳಿಗ್ಗೆ ಹೋಗಿ ಲೈನ್ ಪರೀಕ್ಷಿಸಿದೆ. ನಾನು ವಿಜಯಪುರದವ, ಕನ್ನಡದವರ ಮನೆಯೆಂದು ನನ್ನ ಮಾತಿನಲ್ಲೇ ಹೇಳಿದೆ: "ಎಲ್ಲಾ ಬರೋಬ್ಬರಿ ಐತ್ರಿ ಅಕ್ಕಾರ. ಸ್ಪೀಡ್ ಪೂರ್ತಿ ಬರಾಕತ್ತೈತಿ."

"ನಿಮ್ಮನ್ನು ಕಂಡ್ರೆ ಅದಕ್ಕೆ ಹೆದರಿಕೆ ಮಾರಾಯ್ರೆ," ಎಂದರು. "ಸಂಜೆಗೂ ಇಲ್ಲೇ ಕೂತ್ಕೊಳ್ಳಿ, ಊಟ ನಾನು ಹಾಕ್ತೇನೆ."

ನಗುತ್ತ ಹೊರಟೆ. ದೋಷವಿಲ್ಲ ಎಂದು ಬರೆದು ದೂರು ಮುಚ್ಚಿದೆ. ಗುರುವಾರ ಮತ್ತೆ ಕರೆ ಬಂತು. ಮತ್ತೆ ಬೆಳಿಗ್ಗೆಯೇ ಹೋದೆ, ಕೇಬಲ್ ಬದಲಿಸಿ ಬಂದೆ.

ಶನಿವಾರ ಏಳು ಗಂಟೆಯ ಹೊತ್ತಿಗೆ ನೆರೆಮನೆಯವರ ಲ್ಯಾಂಡ್‌ಲೈನಿನಿಂದ ವಸಂತಿಯವರೇ ನನಗೆ ಫೋನ್ ಮಾಡಿದರು. ದನಿ ಏರಿರಲಿಲ್ಲ.

"ಇವತ್ತು ಅಣ್ಣ ಮಗನನ್ನು ಆಚೆ ಕಳ್ಸಿ ನಂಗೆ ಎಂತದೋ ಹೇಳಿದನಂತೆ. ತುಂಬ ಹೊತ್ತು ಹೇಳಿದನಂತೆ, ಬಾಗಿಲ ಹೊರಗಿಂದ ಮಗ ನೋಡಿದ್ದಾನೆ. ಇಲ್ಲಿ ಅಣ್ಣನ ಮುಖ ನಿಂತೇ ಹೋಗಿತ್ತು. ಒಂದು ಮಾತೂ ಕೇಳ್ಲಿಲ್ಲ."

ಸೋಮವಾರ ಸಂಜೆ ಆರಕ್ಕೆ ಲ್ಯಾಪ್‌ಟಾಪ್ ಸಮೇತ ಅವರ ಮನೆಯಲ್ಲಿದ್ದೆ. ಆರೂವರೆಗೆ ಅವರು ದೇವರ ದೀಪ ಹಚ್ಚಿ ಫೋನ್ ಮುಟ್ಟಿದರು. ಹಾಲ್, ಅಡುಗೆಮನೆ, ಎರಡು ಕೋಣೆ, ಬಾಲ್ಕನಿ, ಐದೂ ಕಡೆಯ ಸ್ಮಾರ್ಟ್ ಸ್ಪೀಕರುಗಳಿಂದ ಒಟ್ಟಿಗೆ ಭಜನೆ ಎದ್ದಿತು. ಅದು ಹರಕೆ. ಅಣ್ಣ ಆಸ್ಪತ್ರೆ ಸೇರಿದ ದಿನ ಹೊತ್ತದ್ದು: ಅವರು ಗುಣವಾಗುವವರೆಗೆ ದೀಪದ ಹೊತ್ತಿನಲ್ಲಿ ಮನೆಯ ಮೂಲೆಮೂಲೆಯಲ್ಲೂ ಭಜನೆ ಕೇಳಬೇಕು. ಅದನ್ನು ನನಗೆ ಹೇಳಬೇಕೆಂದು ಅವರಿಗೆ ಅನಿಸಿರಲಿಲ್ಲ. ನಾನೂ ಕೇಳಿರಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಕಾರಣ ಸ್ಪಷ್ಟವಾಗಿ ಕಂಡಿತು. ವೈಫೈಯಲ್ಲಿ ಸಾಮಾನ್ಯವಾಗಿ ಮಾಹಿತಿ ಒಂದೊಂದು ಸಾಧನಕ್ಕೆ ಪ್ರತ್ಯೇಕವಾಗಿ, ವೇಗವಾಗಿ ಹೋಗುತ್ತದೆ. ಈ ಸ್ಪೀಕರುಗಳಿಗೆ ಹಾಡು ಹೋಗುತ್ತಿದ್ದುದು ಮಲ್ಟಿಕಾಸ್ಟ್ ರೀತಿಯಲ್ಲಿ, ಅಂದರೆ ಒಂದೇ ಮಾಹಿತಿ ಎಲ್ಲರಿಗೂ ಒಟ್ಟಿಗೆ. ಅತಿ ದೂರದ ಸಾಧನಕ್ಕೂ ತಲುಪಲೆಂದು ರೂಟರ್ ಅದನ್ನು ತೀರ ನಿಧಾನವಾಗಿ ಕಳಿಸುತ್ತದೆ. ಅಷ್ಟು ಹೊತ್ತು ಉಳಿದದ್ದೆಲ್ಲ ಕಾಯಬೇಕು. ವಿಡಿಯೊ ಕಾಲ್ ಕಾಯಲಾರದು. ಮಲ್ಟಿಕಾಸ್ಟನ್ನು ಪ್ರತ್ಯೇಕವಾಗಿ ಕಳಿಸುವ ಸೆಟ್ಟಿಂಗ್ ರೂಟರಿನಲ್ಲೇ ಇತ್ತು. ಕಂಪನಿ ಕೊಟ್ಟ ರೂಟರಿನಲ್ಲಿ ಅದು ಆಫ್ ಆಗಿತ್ತು. ಆನ್ ಮಾಡಲು ಎರಡು ನಿಮಿಷ ಸಾಕಾಯಿತು. ಭಜನೆ ನಡೆದೇ ಇತ್ತು.

ಕಾಲ್ ಬಂತು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ದಿಂಬು, ಆಕ್ಸಿಜನ್ ಮಾಸ್ಕ್, ಅರೆತೆರೆದ ಕಣ್ಣು ಕಂಡವು. ವಸಂತಿಯವರು ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿದರು. "ಆವಾಜ್ ಬರ್ತಿಲ್ಲ ಅಲ್ವಾ, ಇನ್ನೂ ಸರಿ ಆಗ್ಲಿಲ್ಲ."

ಉತ್ತರ ಕೊಟ್ಟವನು ಅಣ್ಣನ ಮಗ. "ನೆಟ್ ಸರಿ ಉಂಟು ಅತ್ತೆ. ಅಪ್ಪ ನಿನ್ನೆಯಿಂದ ಮಾತಾಡುವುದಿಲ್ಲ. ನೀವು ಹೇಳಿ, ಅವರಿಗೆ ಕೇಳ್ತದೆ."

ಅವರು ಫೋನನ್ನು ಮುಖದ ಹತ್ತಿರ ತಂದರು. "ಅಣ್ಣಾ, ನನ್ನ ಕಾಲು ಈಗ ಅಡ್ಡಿಲ್ಲ. ಅಡುಗೆಮನೆವರೆಗೆ ನಾನೇ ಹೋಗ್ತೇನೆ." ಏಳು ಗಂಟೆಯವರೆಗೂ ಇಂಥದೇ ಮಾತು.

ಹೊರಡುವಾಗ, "ಎಂತ ಆಗಿತ್ತು?" ಎಂದು ಕೇಳಿದರು.

"ರೂಟರಿನ ಒಂದು ಸೆಟ್ಟಿಂಗ್ ರೀ ಅಕ್ಕಾರ. ನಮ್ಮದೇ ತಪ್ಪು."

ಅದು ನಿಜವೇ. ಭಜನೆಯ ವಿಷಯವನ್ನು ಆಫೀಸಿನ ವರದಿಯಲ್ಲಿ ಬರೆದೆ, ಅವರಿಗೆ ಹೇಳಲಿಲ್ಲ. ಬುಧವಾರ ಅಣ್ಣ ತೀರಿಕೊಂಡರು.

ಆಮೇಲೆ ನನ್ನ ತಂಡದಲ್ಲಿ ಒಂದು ನಿಯಮ ಮಾಡಿದೆ. ಗ್ರಾಹಕರು ಯಾವ ಹೊತ್ತು ಹೇಳುತ್ತಾರೋ ಅದೇ ಹೊತ್ತಿಗೆ ಹೋಗಬೇಕು. ಆ ಹೊತ್ತಿನಲ್ಲಿ ಮನೆಯಲ್ಲಿ ಏನೇನು ನಡೆಯುತ್ತದೆ ಎಂದು ಕೇಳಬೇಕು. ಮೊದಲ ಸೋಮವಾರವೇ ಹಾಗೆ ಮಾಡಿದ್ದರೆ ಶನಿವಾರದ ಮಾತು ಅವರಿಗೆ ಕೇಳುತ್ತಿತ್ತು. ಅದೇನೆಂದು ಈಗ ಯಾರಿಗೂ ಗೊತ್ತಿಲ್ಲ.